ಫಿಟ್ಜ್‌ರಾಯ್ ರೊಟುಂಡಾದಿಂದ ಬಲ್ಲಾರಟ್ ಬ್ಯಾಂಡ್‌ಸ್ಟ್ಯಾಂಡ್‌ವರೆಗೆ

ಬುಧವಾರ

ಫಿಟ್ಜ್‌ರಾಯ್ ಅನ್ನೋ ಏರಿಯಾದಲ್ಲಿರೋ ಎಡಿನ್‌ಬರ್ಗ್ ಗಾರ್ಡನ್ಸ್ ಪಾರ್ಕಿಗೆ ಹೋಗೋಕೆ ಮೆಲ್ಬರ್ನ್ ಸಿಟಿಯಿಂದ 11ನೇ ನಂಬರ್ ಟ್ರಾಮ್ ಹತ್ತಿದ್ರೆ ಸಾಕು, ಬ್ರನ್ಸ್‌ವಿಕ್ ಸ್ಟ್ರೀಟ್ ಉದ್ದಕ್ಕೂ ಕಾಫಿ ಅಂಗಡಿ, ಹಳೇ ಬಟ್ಟೆ ಮಾರೋ ಅಂಗಡಿ, ಗೋಡೆ ತುಂಬಾ ಬಣ್ಣದ ಚಿತ್ರ ಎಲ್ಲಾ ದಾಟ್ಕೊಂಡು ಪಾರ್ಕ್ ಹತ್ರಾನೇ ತಂದು ಇಳಿಸುತ್ತೆ. ಅಕ್ಕನ ಮಗನಿಗೆ ಅವತ್ತು ಸ್ಕೂಲ್ ಇರ್ಲಿಲ್ಲ, "ಮಾಮ, ನಾನೂ ಬರ್ತೀನಿ" ಅಂತ ಹೊರಟ, ಅವನಿಗೆ ಅಲ್ಲಿರೋ ಸ್ಕೇಟ್ ಪಾರ್ಕ್ ಮೇಲೆ ಕಣ್ಣು, ನನಗೆ 1925ರಲ್ಲಿ ಕಟ್ಟಿದ ಮೆಮೋರಿಯಲ್ ರೊಟುಂಡಾ ಮೇಲೆ. ಬ್ಯಾಂಡ್‌ಸ್ಟ್ಯಾಂಡ್ ಅಂದ್ರೆ ಬ್ಯಾಂಡಿನೋರು ಕೂತು ನುಡಿಸೋಕೆ ಅಂತ ಕಟ್ಟಿದ ಮಂಟಪ, ಇಲ್ಲಿ ಅದಕ್ಕೆ ಸಾಮಾನ್ಯವಾಗಿ ರೊಟುಂಡಾ ಅಂತಾನೇ ಹೇಳೋದು.

ದೂರದಿಂದ ನೋಡಿದ್ರೆ ಯಾವುದೋ ಪುಟ್ಟ ಮಂಟಪ ಅನ್ಸುತ್ತೆ. ದುಂಡಗಿದೆ, ಸುತ್ತ ಕಂಬ, ಮೇಲೆ ಗುಮ್ಮಟ. ನಾವು ಹೋದಾಗ ಒಳಗೆ ಇಬ್ರು ಹುಡುಗೀರು ಕೂತು ಏನೋ ತಿಂತಿದ್ರು, ಕಂಬಕ್ಕೆ ಒಂದು ಸೈಕಲ್ ಒರಗಿಸಿತ್ತು, ಒಂದು ನಾಯಿ ಮೆಟ್ಲಲ್ಲಿ ಮಲಗಿತ್ತು. ಇದು ಮೊದಲ ಮಹಾಯುದ್ಧಕ್ಕೆ ಹೋದ ಫಿಟ್ಜ್‌ರಾಯ್ ಹುಡುಗರ ನೆನಪಿಗೆ ಕಟ್ಟಿದ್ದು ಅನ್ನೋದು ಅಲ್ಲಿದ್ದ ಯಾರ ತಲೇಲೂ ಇದ್ದಂಗೆ ಕಾಣ್ಲಿಲ್ಲ, ಅವರನ್ನ ತಪ್ಪು ಅನ್ನೋಕೂ ಆಗಲ್ಲ, ಅಲ್ಲಿ ಕೂರೋಕೇ ಅಂತ ತಾನೇ ಕಟ್ಟಿರೋದು. ಹುಡುಗ ಗುಮ್ಮಟದ ನಡುಮಧ್ಯ ನಿಂತು ಒಂದು ಸಲ ಚಪ್ಪಾಳೆ ಹೊಡೆದ, ಸದ್ದು ಸುತ್ತಾಡಿಕೊಂಡು ವಾಪಸ್ ಬಂತು. ಆಮೇಲೆ ಹೊಡೆದಿದ್ದೇ ಹೊಡೆದಿದ್ದು, ನಾಯಿ ಎದ್ದು ಹೋಯ್ತು.

ಬ್ಯಾಂಡ್‌ಸ್ಟ್ಯಾಂಡಿನ ಗುಟ್ಟು ಇರೋದು ಅಲ್ಲೇ. ನೆಲಾನ ಒಂದಾಳೆತ್ತರಕ್ಕೋ ಸೊಂಟದೆತ್ತರಕ್ಕೋ ಏರಿಸ್ತಾರೆ, ಮುಂದೆ ಕೂತೋರ ತಲೆ ಮೇಲಿಂದ ಸದ್ದು ಹಿಂದಿನ ಸಾಲಿಗೂ ಹೋಗ್ಲಿ ಅಂತ. ಮೇಲಿನ ಚಾವಣಿ ಸದ್ದನ್ನ ಆಕಾಶಕ್ಕೆ ಬಿಡದೆ ಕೆಳಗೆ ತಳ್ಳುತ್ತೆ. ಸುತ್ತ ಗೋಡೆ ಇಲ್ಲ, ಹಂಗಾಗಿ ಮುಂದೆ ಹಿಂದೆ ಅಂತ ಇಲ್ಲ, ಯಾವ ಕಡೆ ಹುಲ್ಲಲ್ಲಿ ಕೂತ್ರೂ ಕೇಳುತ್ತೆ. ಎಷ್ಟೋ ಕಡೆ ಕೆಳಗೆ ಒಂದು ಪುಟ್ಟ ಉಗ್ರಾಣ ಇರುತ್ತೆ, ಕುರ್ಚಿ, ಮ್ಯೂಸಿಕ್ ಸ್ಟ್ಯಾಂಡ್ ಇಡೋಕೆ. ಮೈಕು ಸ್ಪೀಕರ್ ಏನೂ ಇಲ್ಲದ ಕಾಲದಲ್ಲಿ ಇಪ್ಪತ್ತೈದು ಜನರ ಹಿತ್ತಾಳೆ ವಾದ್ಯದ ಬ್ಯಾಂಡು ಇಡೀ ಪಾರ್ಕಿಗೆ ಕೇಳಿಸ್ಬೇಕು ಅಂದ್ರೆ ಇಷ್ಟು ಲೆಕ್ಕಾಚಾರ ಬೇಕೇ ಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಇವು ಎರಕದ ಕಬ್ಬಿಣದಲ್ಲಿ ತಯಾರಾಗಿ ಬಿಡಿ ಬಿಡಿಯಾಗಿ ಹಡಗಲ್ಲಿ ಬರ್ತಿದ್ವು, ಅಡಿಲೇಡ್‌ನ ಎಲ್ಡರ್ ಪಾರ್ಕಲ್ಲಿರೋ 1882ರ ರೊಟುಂಡಾ ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಕಂಪನಿಯ ಎರಕ. ಯುದ್ಧ ಮುಗಿದ ಮೇಲೆ ಸ್ಮಾರಕ ಅಂತ ಕಟ್ಟಿದಾಗ ಸೂಕ್ಷ್ಮ ಕಬ್ಬಿಣದ ಬಳ್ಳಿ ಹೂವಿನ ಕೆಲ್ಸ ಹಗುರ ಅನ್ಸಿರ್ಬೇಕು, ಇಲ್ಲಿ ನೋಡಿ, ದಪ್ಪ ಕಂಬ, ಗುಮ್ಮಟ, ಗುಡಿ ತರ ಗಾಂಭೀರ್ಯ.

ಯುದ್ಧಸ್ಮಾರಕ ಅಂದ್ರೆ ಬ್ಯಾಂಡ್‌ಸ್ಟ್ಯಾಂಡೇ ಯಾಕೆ? ಇದು ಆಗ ಊರೂರಲ್ಲೂ ನಡೆದ ಜಗಳ. ಐವತ್ತು ಲಕ್ಷಾನೂ ತುಂಬದ ಜನಸಂಖ್ಯೆಯ ಆಸ್ಟ್ರೇಲಿಯಾದಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸೇನೆ ಸೇರಿದ್ರು, ಸುಮಾರು 60,000 ಜನ ವಾಪಸ್ ಬರ್ಲಿಲ್ಲ. ಹೆಣ ಕೂಡ ಬರ್ಲಿಲ್ಲ, ಸತ್ತಲ್ಲೇ ಮಣ್ಣು ಮಾಡೋದು ಅಂತ ಬ್ರಿಟಿಷ್ ಸಾಮ್ರಾಜ್ಯದ ನಿಯಮ, ಟರ್ಕಿ, ಫ್ರಾನ್ಸ್, ಬೆಲ್ಜಿಯಂ, ಪ್ಯಾಲೆಸ್ಟೈನ್ ಎಲ್ಲಿ ಬಿದ್ರೋ ಅಲ್ಲೇ. ಅಮ್ಮಂದಿರಿಗೆ ಹೋಗಿ ಹೂವಿಡೋಕೆ ಒಂದು ಜಾಗ ಬೇಕಿತ್ತು. ಹಂಗಾಗಿ ಸ್ಮಾರಕ ಬೇಕು ಅನ್ನೋದ್ರಲ್ಲಿ ಯಾರಿಗೂ ತಕರಾರಿರ್ಲಿಲ್ಲ, ಎಂಥದ್ದು ಅನ್ನೋದ್ರಲ್ಲಿ ಇತ್ತು. ಒಂದು ಗುಂಪು ಕಂಬ ನಿಲ್ಸಿ, ವಿಗ್ರಹ ನಿಲ್ಸಿ, ಅದಕ್ಕೆ ಬೇರೆ ಉಪಯೋಗ ಇರಬಾರದು, ಇದ್ರೆ ಸತ್ತೋರಿಗೆ ಅವಮಾನ ಅಂತು. ಇನ್ನೊಂದು ಗುಂಪು ದುಡ್ಡು ಹಾಕೋದಾದ್ರೆ ಬದುಕಿರೋರಿಗೂ ಏನಾದ್ರೂ ಆಗ್ಲಿ, ಆಸ್ಪತ್ರೆ ಕಟ್ಟಿ, ಹಾಲ್ ಕಟ್ಟಿ, ಬ್ಯಾಂಡ್‌ಸ್ಟ್ಯಾಂಡ್ ಕಟ್ಟಿ ಅಂತು. ಮೊದಲನೇ ಗುಂಪಿನೋರು ಹೇಳ್ತಿದ್ದ ಮಾತಲ್ಲೂ ಅರ್ಥ ಇತ್ತು, ಊರಿಗೆ ಹೆಂಗೂ ಬೇಕಿದ್ದ ಹಾಲನ್ನ ಸತ್ತೋರ ಹೆಸರಲ್ಲಿ ಕಟ್ಟಿಸ್ಕೊಂಡು ಅದನ್ನ ಸ್ಮಾರಕ ಅನ್ನೋದು ಸ್ವಲ್ಪ ಚಾಲಾಕಿತನಾನೇ.

ಆದ್ರೆ ಫಿಟ್ಜ್‌ರಾಯ್ ಮಟ್ಟಿಗೆ ನಾನು ಎರಡನೇ ಗುಂಪು. ಈಗ ಇಲ್ಲಿ ಮನೆ ಬೆಲೆ ಕೇಳಿದ್ರೆ ತಲೆ ತಿರುಗುತ್ತೆ, ಆಗ ಇದು ಕೂಲಿಕಾರರ ಏರಿಯಾ, ಸಣ್ಣ ಸಣ್ಣ ಮನೆ, ಗಲ್ಲಿಗಲ್ಲೀಲಿ ಫ್ಯಾಕ್ಟರಿ. 1862ರಲ್ಲಿ ಬಿಟ್ಟುಕೊಟ್ಟ ಈ ಪಾರ್ಕೇ ಅವರಿಗೆ ಅಂಗಳ. 1916ರಿಂದ ವಿಕ್ಟೋರಿಯಾ ರಾಜ್ಯದಲ್ಲಿ ಸಂಜೆ ಆರಕ್ಕೇ ಪಬ್ ಮುಚ್ಚಬೇಕು ಅಂತ ಕಾನೂನು ಬೇರೆ ಬಂದಿತ್ತು, ಅದು 1966ರವರೆಗೂ ಇತ್ತು. ಕೆಲ್ಸ ಮುಗಿಸಿ ಬಂದೋನು ಸಂಜೆ ಎಲ್ಲಿಗೆ ಹೋಗ್ಬೇಕು? ಕಾಸಿಲ್ಲದೆ ಕೇಳೋ ಸಂಗೀತ ಅಂದ್ರೆ ಪಾರ್ಕಿನ ಬ್ಯಾಂಡೇ.

ಅದೇ ಪಾರ್ಕಲ್ಲಿ ಇನ್ನೊಂದು ತಮಾಷೆ ಇದೆ. ವಿಕ್ಟೋರಿಯಾ ರಾಣಿಯ ವಿಗ್ರಹಕ್ಕೆ ಅಂತ ಮಾಡಿದ ಪೀಠ ಒಂದಿದೆ, ಮೇಲೆ ರಾಣಿ ಇಲ್ಲ. ವಿಗ್ರಹ ಇಟ್ಟ ಸ್ವಲ್ಪ ಕಾಲಕ್ಕೇ ಮಾಯ ಆಯ್ತಂತೆ, ಪೀಠ ಮಾತ್ರ ನೂರಕ್ಕೂ ಹೆಚ್ಚು ವರ್ಷದಿಂದ ಅಲ್ಲೇ ನಿಂತಿದೆ, ಇತ್ತೀಚೆಗೆ ಕಲಾವಿದರು ಅದರ ಮೇಲೆ ತಮ್ಮ ಕೆಲ್ಸ ಇಟ್ಟು ತೋರಿಸಿದ್ದೂ ಉಂಟು. ಸಾಮ್ರಾಜ್ಞಿಯ ಪೀಠ ಖಾಲಿ, ಕೂಲಿ ಹುಡುಗರ ಮಂಟಪದಲ್ಲಿ ಜನ. ಪರವಾಗಿಲ್ವೇ ಅನ್ನಿಸ್ತು.

ಗುರುವಾರ

ಇವತ್ತು ಜಗಳದಲ್ಲಿ ಗೆದ್ದ ಮೊದಲನೇ ಗುಂಪಿನ ಸ್ಮಾರಕ ನೋಡೋಣ ಅಂತ ಶ್ರೈನ್ ಆಫ್ ರಿಮೆಂಬರೆನ್ಸ್‌ಗೆ ಹೋದ್ವಿ. ಭಾವನೂ ರಜ ಹಾಕಿ ಬಂದ್ರು, ಇಷ್ಟು ವರ್ಷ ಈ ಊರಲ್ಲಿದ್ರೂ ಒಳಗೆ ಹೋಗಿರ್ಲಿಲ್ವಂತೆ. ಆನ್‌ಜಾಕ್ ಡೇ ಅಂದ್ರೆ ಯುದ್ಧಕ್ಕೆ ಹೋದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರನ್ನ (ಅವರನ್ನೇ ಆನ್‌ಜಾಕ್ ಅನ್ನೋದು) ನೆನೆಯೋ ಏಪ್ರಿಲ್ 25 ಆಗಿ ಇನ್ನೂ ಜಾಸ್ತಿ ದಿನ ಆಗಿರ್ಲಿಲ್ಲ, ಹೂವಿನ ಚಕ್ರಗಳು ಒಣಗ್ತಾ ಇದ್ವು, ಕಾಗದದ ಕೆಂಪು ಗಸಗಸೆ ಹೂ ಅಲ್ಲಲ್ಲಿ ಬಿದ್ದಿದ್ವು.

ಇದು ಭಾರೀ ಕಟ್ಟಡ. ಹ್ಯಾಲಿಕಾರ್ನಸಸ್‌ನ ಸಮಾಧಿ ಅಂತ ಪ್ರಾಚೀನ ಗ್ರೀಕರ ಕಾಲದ್ದೊಂದು ಇತ್ತಲ್ಲ, ಅದರ ಮಾದರಿ ಇಟ್ಕೊಂಡು ಫಿಲಿಪ್ ಹಡ್ಸನ್, ಜೇಮ್ಸ್ ವಾರ್ಡ್ರಾಪ್ ಅನ್ನೋ ಇಬ್ರು ವಿನ್ಯಾಸ ಮಾಡಿದ್ದು, ಇಬ್ರೂ ಯುದ್ಧಕ್ಕೆ ಹೋಗಿ ಬಂದೋರೇ. 1920ರ ದಶಕದಲ್ಲಿ ಇದರ ವಿರುದ್ಧಾನೂ ದೊಡ್ಡ ಕೂಗೆದ್ದಿತ್ತು, ಪತ್ರಿಕೆಯೋರು ಬೈದ್ರು, ಅಷ್ಟು ದುಡ್ಡಲ್ಲಿ ಆಸ್ಪತ್ರೆ ಕಟ್ಟಬಾರ್ದಾ ಅಂದ್ರು, ಬೇಡ ಒಂದು ಚೌಕ ಮಾಡೋಣ ಅಂದ್ರು. ಕೊನೆಗೆ ಯುದ್ಧದಲ್ಲಿ ಆಸ್ಟ್ರೇಲಿಯಾ ಪಡೆ ನಡೆಸಿದ ಜಾನ್ ಮೊನಾಶ್ ಇದರ ಪರ ನಿಂತ್ರು, ಅವರೇ ಇಂಜಿನಿಯರ್ ಬೇರೆ, ಅವರ ಮಾತಿಗೆ ಎದುರಾಡೋರು ಕಮ್ಮಿ. ಪೂರ್ತಿಯಾಗಿದ್ದನ್ನ ನೋಡೋಕೆ ಅವರು ಉಳೀಲಿಲ್ಲ, 1931ರಲ್ಲಿ ಹೋಗ್ಬಿಟ್ರು. 1934ರ ನವೆಂಬರ್ 11ಕ್ಕೆ ಉದ್ಘಾಟನೆ ಆದಾಗ ಮೂರು ಲಕ್ಷಕ್ಕೂ ಮೀರಿ ಜನ ಸೇರಿದ್ರಂತೆ, ಆಗಿನ ಮೆಲ್ಬರ್ನಿನ ಜನಸಂಖ್ಯೆ ಹತ್ತು ಲಕ್ಷದ ಹತ್ರ ಹತ್ರ ಅಂದ್ರೆ ಲೆಕ್ಕ ಹಾಕಿ.

ಒಳಗೆ ನೆಲದಲ್ಲಿ ಹುದುಗಿಸಿದ ಒಂದು ಕಲ್ಲಿದೆ. ಪ್ರತಿ ವರ್ಷ ನವೆಂಬರ್ 11ರ ಬೆಳಿಗ್ಗೆ ಹನ್ನೊಂದಕ್ಕೆ, ಯುದ್ಧ ನಿಂತ ಗಳಿಗೆಗೆ, ಚಾವಣಿಯ ಕಿಂಡಿಯಿಂದ ಸೂರ್ಯನ ಬೆಳಕು ಬಂದು ಅದರ ಮೇಲಿನ ಬರಹವನ್ನ ಹಾದು ಹೋಗೋ ಹಾಗೆ ಲೆಕ್ಕ ಹಾಕಿ ಕಟ್ಟಿದ್ದಾರೆ. ಆಮೇಲೆ ಬೇಸಿಗೇಲಿ ಗಡಿಯಾರ ಒಂದು ಗಂಟೆ ಮುಂದಿಡೋ ಪದ್ಧತಿ ಬಂತು, ಸೂರ್ಯ ಕೇಳ್ತಾನಾ, ಈಗ ಕನ್ನಡಿ ಇಟ್ಟು ಬೆಳಕನ್ನ ತಿರುಗಿಸ್ತಾರೆ. ನಮ್ಮಂಥ ಪ್ರವಾಸಿಗಳಿಗೆ ಬೇರೆ ದಿನಗಳಲ್ಲೂ ಲೈಟ್ ಹಾಕಿ ತೋರಿಸ್ತಾರೆ. ಗವಿಗಂಗಾಧರೇಶ್ವರದಲ್ಲಿ ಸಂಕ್ರಾಂತಿ ದಿನ ಆಗೋದೇ ಇದು ಅಂತ ಭಾವ ನನ್ನ ಕಿವೀಲಿ ಹೇಳಿದ್ರು, ಪಕ್ಕದಲ್ಲಿದ್ದ ಅಜ್ಜ ಗುರುಗುಟ್ಟಿದ್ರು.

ವಿಕ್ಟೋರಿಯಾ ರಾಜ್ಯ ಒಂದರಿಂದಲೇ 89,100 ಜನ ವಿದೇಶಕ್ಕೆ ಹೋಗಿ ಸೇವೆ ಮಾಡಿದ್ರು, ಅವರ ಹೆಸರುಗಳ ಪುಸ್ತಕಗಳು ಗಾಜಿನ ಪೆಟ್ಟಿಗೇಲಿವೆ. ಅದ್ರಲ್ಲಿ ಸುಮಾರು 19,000 ಜನ ಸತ್ತೋರು. ಸತ್ತೋರ ಜೊತೆ ವಾಪಸ್ ಬಂದೋರ ಹೆಸರನ್ನೂ ಬರೆಯೋದು ಆಸ್ಟ್ರೇಲಿಯಾದ ಸ್ಮಾರಕಗಳಲ್ಲಿ ತುಂಬಾ ಕಡೆ ಕಾಣ್ಸುತ್ತೆ. ಅದಕ್ಕೆ ಕಾರಣಾನೂ ಇದೆ. ಇಲ್ಲಿಂದ ಹೋದ ಸೈನ್ಯ ಪೂರ್ತಿ ಸ್ವಯಂಸೇವಕರದ್ದು, ಬಲವಂತವಾಗಿ ಸೇರಿಸ್ಕೊಂಡು ಕಳಿಸ್ಬೇಕಾ ಅಂತ 1916, 1917 ಎರಡು ಸಲ ಜನಾನ ಕೇಳಿದ್ರು, ಎರಡು ಸಲಾನೂ ಜನ ಬೇಡ ಅಂದ್ರು. ತಾನಾಗೇ ಹೋದ ಅನ್ನೋದೇ ದೊಡ್ಡದು, ಸತ್ತನೋ ಉಳಿದನೋ ಆಮೇಲಿನ ಮಾತು. ಇನ್ನೊಂದು ಕಡೆಯಿಂದ ನೋಡಿದ್ರೆ, ಹೆಸರಿಲ್ಲ ಅಂದ್ರೆ ಹೋಗ್ಲಿಲ್ಲ ಅಂತ ಊರಿಗೆಲ್ಲಾ ಗೊತ್ತಾಗುತ್ತೆ. ಆ ಪಟ್ಟಿ ಮುಂದೆ ನಿಂತು ತಲೆ ತಗ್ಗಿಸಿದ ಗಂಡಸರೂ ಇರ್ತಾರೆ ಅಂತ ನನಗೆ ಅನ್ಸುತ್ತೆ.

ನಮ್ಮೋರ ನೆನಪೂ ಬಂತು. 1918ರ ಸೆಪ್ಟೆಂಬರ್ 23ಕ್ಕೆ ಪ್ಯಾಲೆಸ್ಟೈನ್‌ನ ಹೈಫಾ ಊರನ್ನ ಹಿಡಿದಿದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ. ಅವರಿದ್ದ ಡೆಸರ್ಟ್ ಮೌಂಟೆಡ್ ಕೋರ್ ಅನ್ನೋ ದೊಡ್ಡ ಕುದುರೆ ಸೈನ್ಯದ ದಂಡನಾಯಕ ಹ್ಯಾರಿ ಶೋವೆಲ್ ಆಸ್ಟ್ರೇಲಿಯಾದೋರು. ಅಂದ್ರೆ ಈ ಪುಸ್ತಕದಲ್ಲಿರೋ ಹುಡುಗರು, ನಮ್ಮ ಮೈಸೂರಿನ ಹುಡುಗರು ಒಂದೇ ಧೂಳು ಕುಡಿದಿದ್ದಾರೆ. ಟರ್ಕಿಯ ಗಲಿಪೊಲಿಯಲ್ಲೂ ಭಾರತದ ಬೆಟ್ಟದ ಫಿರಂಗಿ ದಳ, ಹೇಸರಗತ್ತೆ ದಳದೋರು ಆನ್‌ಜಾಕ್‌ಗಳ ಜೊತೆಗೇ ಇದ್ರು. ಭಾವ ಇದನ್ನ ಕೇಳಿ "ಹೌದೇನಯ್ಯಾ, ಆಫೀಸಲ್ಲಿ ಹೇಳ್ಬೇಕು ಇದನ್ನ" ಅಂದ್ರು.

ಶ್ರೈನ್ ನನಗೆ ಇಷ್ಟ ಆಯ್ತಾ ಅಂದ್ರೆ, ಆಯ್ತು, ಆದ್ರೆ ಅದು ನಮ್ಮನ್ನ ಸಣ್ಣೋರನ್ನಾಗಿ ಮಾಡಿ ನಿಲ್ಸುತ್ತೆ. ಒಳಗೆ ಹೋದ್ರೆ ಕೈ ತಾನಾಗೇ ಹಿಂದಕ್ಕೆ ಕಟ್ಕೊಳುತ್ತೆ. ನಿನ್ನೆ ರೊಟುಂಡಾದಲ್ಲಿ ಹುಡುಗ ಚಪ್ಪಾಳೆ ಹೊಡೆದ್ನಲ್ಲ, ಇಲ್ಲಿ ಹೊಡೀಲಿಲ್ಲ.

ಶುಕ್ರವಾರ

ಬಲ್ಲಾರಟ್. ಸದರ್ನ್ ಕ್ರಾಸ್ ಸ್ಟೇಷನ್ನಿಂದ ರೈಲಲ್ಲಿ ಒಂದೂವರೆ ಗಂಟೆ ಆಸುಪಾಸು, ಹೆಚ್ಚುಕಮ್ಮಿ 110 ಕಿಲೋಮೀಟರ್. ಇಳಿದ ತಕ್ಷಣ ಚಳಿ ಮೂಳೆಗೇ ತಾಗ್ತು, ಊರು ಎತ್ತರದಲ್ಲಿದೆ, ಗಾಳಿ ಬೇರೆ. ಅಕ್ಕ ಕೊಟ್ಟಿದ್ದ ಸ್ವೆಟರ್ ಮೇಲೆ ಭಾವನ ಜಾಕೆಟ್ ಹಾಕ್ಕೊಂಡು ಹೋಗಿದ್ದಕ್ಕೆ ಬದುಕ್ದೆ.

1851ರಲ್ಲಿ ಇಲ್ಲಿ ಚಿನ್ನ ಸಿಕ್ತು, ಪ್ರಪಂಚದ ಎಲ್ಲಾ ಮೂಲೆಯಿಂದ ಜನ ಬಂದು ಬಿದ್ರು, ವಾದವುರಂಗ್ ಬುಡಕಟ್ಟಿನೋರ ನೆಲ ಅಗೆದು ಗುಡ್ಡೆ ಹಾಕಿದ್ರು. 1854ರ ಡಿಸೆಂಬರ್ 3ಕ್ಕೆ ಲೈಸೆನ್ಸ್ ಫೀಸ್ ವಿರುದ್ಧ ಗಣಿಗಾರರು ದಂಗೆ ಎದ್ದ ಯುರೇಕಾ ಗಲಾಟೆ ಆಗಿದ್ದೂ ಇಲ್ಲೇ. ಪ್ರವಾಸಿಗಳೆಲ್ಲಾ ಅದನ್ನೇ ನೋಡೋಕೆ ಬರೋದು, ಅದರ ಬಗ್ಗೆ ಬರೆದಿರೋರು ಬೇಕಾದಷ್ಟು ಜನ ಇದ್ದಾರೆ, ನಾನು ಬಿಡ್ತೀನಿ.

ನನಗೆ ಬೇಕಿದ್ದು ಸ್ಟರ್ಟ್ ಸ್ಟ್ರೀಟ್. ಚಿನ್ನದ ದುಡ್ಡು ಹೆಂಗೆ ಖರ್ಚಾಯ್ತು ಅಂತ ಗೊತ್ತಾಗ್ಬೇಕು ಅಂದ್ರೆ ಈ ರಸ್ತೆ ನೋಡ್ಬೇಕು. ಅಷ್ಟು ಅಗಲದ ರಸ್ತೆ, ನಡುವೆ ಉದ್ದಕ್ಕೂ ತೋಟ, ಆ ತೋಟದಲ್ಲಿ ಸಾಲಾಗಿ ವಿಗ್ರಹ, ಕಾರಂಜಿ, ಸ್ಮಾರಕ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಇದ್ದಾನೆ, ಐರ್ಲೆಂಡಿನ ಕವಿ ಥಾಮಸ್ ಮೂರ್ ಇದ್ದಾನೆ, ಯುರೇಕಾದಲ್ಲಿ ಕೈ ಕಳ್ಕೊಂಡು ಆಮೇಲೆ ಶಾಸನಸಭೆಯ ಸ್ಪೀಕರ್ ಆದ ಪೀಟರ್ ಲೇಲರ್ ಇದ್ದಾನೆ. ಇಲ್ಲಿ ವಿಕ್ಟೋರಿಯಾ ರಾಣಿ ತನ್ನ ಪೀಠದ ಮೇಲೇ ಇದ್ದಾಳೆ, ಎಲ್ಲೂ ಹೋಗಿಲ್ಲ. ದಕ್ಷಿಣ ಆಫ್ರಿಕಾದ ಬೋವರ್ ಯುದ್ಧದ ಸ್ಮಾರಕ 1906ರದ್ದು, ಜೇಮ್ಸ್ ವೈಟ್ ಅನ್ನೋ ಶಿಲ್ಪಿಯ ಕೆಲ್ಸ, ಕುದುರೆ ಸವಾರ ಬಿದ್ದ ಜೊತೆಗಾರನನ್ನ ಕಾಪಾಡ್ತಿರೋದು. ಇವುಗಳ ನಡುವೆ ಬ್ಯಾಂಡ್‌ಸ್ಟ್ಯಾಂಡ್ ಒಂದಲ್ಲ ಎರಡು. ಒಂದು ಏಳನೇ ಎಡ್ವರ್ಡ್ ದೊರೆ ಹೆಂಡತಿ ಅಲೆಕ್ಸಾಂಡ್ರಾ ಹೆಸರಲ್ಲಿ 1908ರಲ್ಲಿ ಕಟ್ಟಿದ್ದು. ಇನ್ನೊಂದು 1915ರದ್ದು, ಟೈಟಾನಿಕ್ ಬ್ಯಾಂಡ್‌ಸ್ಟ್ಯಾಂಡ್.

ಒಂದೇ ರಸ್ತೇಲಿ ಎರಡು ಯಾಕೆ ಅಂದ್ರೆ ಈ ಊರಿಗೆ ಬ್ಯಾಂಡ್ ಹುಚ್ಚು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿ ಕೆಲ್ಸದೋರು ಜೊತೆಗೆ ಹಿತ್ತಾಳೆ ಬ್ಯಾಂಡ್ ಕಟ್ಟೋ ಅಭ್ಯಾಸಾನೂ ತಂದ್ರು. ಸೌತ್ ಸ್ಟ್ರೀಟ್ ಸೊಸೈಟಿ ಅಂತ ಹಾಡು ಭಾಷಣ ಚರ್ಚೆ ಸ್ಪರ್ಧೆಗಳನ್ನ 1891ರಿಂದ ನಡೆಸ್ಕೊಂಡು ಬಂದಿತ್ತು, 1900ರಲ್ಲಿ ಬ್ಯಾಂಡ್ ಸ್ಪರ್ಧೆ ಸೇರ್ಸಿದ್ರು, ದೇಶದ ಮೂಲೆಮೂಲೆಯಿಂದ ಬ್ಯಾಂಡುಗಳು ರೈಲಲ್ಲಿ ಬಂದಿಳಿಯೋಕೆ ಶುರುವಾಯ್ತು. ನಮ್ಮ ಕಡೆ ಜಾತ್ರೆಗೆ ಕುಸ್ತಿ ಪೈಲ್ವಾನರು ಬಂದು ಸೇರ್ತಿದ್ರಲ್ಲ, ಹಂಗೆ. ಹಗಲು ಪೈಪೋಟಿ, ರಾತ್ರಿ ಒಬ್ಬರ ಭುಜದ ಮೇಲೆ ಒಬ್ಬರು ಕೈ ಹಾಕಿ ಊರು ಸುತ್ತೋದು.

ಅಂಥ ಊರಿಗೆ 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದ ಸುದ್ದಿ ಬಂತು, ಹಡಗಿನ ಎಂಟು ಜನ ಬ್ಯಾಂಡಿನೋರು ಕೊನೇವರೆಗೂ ನುಡಿಸ್ತಾನೇ ಇದ್ರು, ಎಂಟೂ ಜನ ಸತ್ರು ಅಂತ ಗೊತ್ತಾಯ್ತು. ಬೇರೆಯೋರಿಗೆ ಅದು ಪೇಪರ್ ಸುದ್ದಿ. ಬಲ್ಲಾರಟ್ಟಿನ ಬ್ಯಾಂಡಿನೋರಿಗೆ ಸತ್ತಿದ್ದು ತಮ್ಮ ಕಸುಬಿನೋರು. ಬ್ಯಾಂಡಿನೋರು, ಊರಿನೋರು ಸೇರಿ ಚಂದಾ ಎತ್ತಿ ಇದನ್ನ ಕಟ್ಟಿದ್ರು. ದೂರದ ಬ್ರೋಕನ್ ಹಿಲ್ ಅನ್ನೋ ಗಣಿ ಊರಿನ ಬ್ಯಾಂಡಿನೋರು ಇವರಿಗಿಂತ ಮುಂಚೆ, 1913ರಲ್ಲೇ, ಅಲ್ಲಿನ ಪಾರ್ಕಲ್ಲಿ ಮುರಿದ ಕಂಬದ ಆಕಾರದ ಒಂದು ಕಲ್ಲು ನಿಲ್ಸಿದ್ರು. ಎರಡೂ ಸಮುದ್ರ ಕಾಣದ ಊರುಗಳು. ಸತ್ತೋರಲ್ಲಿ ಒಬ್ಬನೂ ಇವರಿಗೆ ಪರಿಚಯ ಇರ್ಲಿಲ್ಲ.

ಅದೇ ಹೊತ್ತಿಗೆ ಬ್ರಿಟನ್ನಲ್ಲಿ ಏನಾಯ್ತು ಅಂದ್ರೆ, ಆ ಎಂಟು ಜನರಲ್ಲಿ ಜಾಕ್ ಹ್ಯೂಮ್ ಅಂತ ಇಪ್ಪತ್ತೊಂದು ವರ್ಷದ ವಯೊಲಿನ್ ನುಡಿಸೋ ಹುಡುಗ, ಅವನ ಅಪ್ಪನಿಗೆ ಬ್ಯಾಂಡಿನೋರನ್ನ ಕೆಲಸಕ್ಕೆ ಇಟ್ಕೊಂಡಿದ್ದ ಏಜೆನ್ಸಿಯಿಂದ ಕಾಗದ ಬಂತು, ಸಾಂತ್ವನ ಅಲ್ಲ, ಬಿಲ್ಲು. ನಿಮ್ಮ ಮಗನ ಯೂನಿಫಾರ್ಮ್ ಬಾಕಿ 14 ಷಿಲಿಂಗ್ 7 ಪೆನ್ಸ್ ಕಟ್ಟಿ ಅಂತ. ಓದಿದಾಗೆಲ್ಲಾ ಮೈ ಉರಿಯುತ್ತೆ. ಮುಖ ನೋಡದ ಗಣಿ ಕೂಲಿಗಳು ದುಡ್ಡು ಹಾಕಿ ಮಂಟಪ ಕಟ್ತಾರೆ, ಸಂಬಳ ಕೊಟ್ಟು ಹಡಗು ಹತ್ತಿಸಿದೋರು ಕೋಟಿನ ದುಡ್ಡು ಕೇಳ್ತಾರೆ.

ಬ್ಯಾಂಡ್‌ಸ್ಟ್ಯಾಂಡ್ ನೋಡೋಕೆ ಚೆನ್ನಾಗಿದೆ, ಚೈನಾ ಕಡೆ ಪಗೋಡಾ ತರದ ಮಾಡು, ತುದೀಲಿ ಗಾಳಿ ದಿಕ್ಕು ತೋರಿಸೋ ಲೋಹದ ಹಡಗು. ಅವತ್ತಿನ ಗಾಳಿಗೆ ಹಡಗು ಒಂದು ಕ್ಷಣ ಸುಮ್ನಿರ್ಲಿಲ್ಲ. ರಸ್ತೆ ಎರಡೂ ಕಡೆ ಕಾರುಗಳ ಸದ್ದು, ಈಗ ಇಲ್ಲಿ ಮೈಕಿಲ್ಲದೆ ನುಡಿಸಿದ್ರೆ ಹತ್ತಡಿ ಆಚೆ ಕೇಳ್ಸಲ್ವೇನೋ. ಬ್ಯಾಂಡ್‌ಸ್ಟ್ಯಾಂಡ್‌ಗಳ ಕಾಲ ಮುಗಿಸಿದ್ದು ರೇಡಿಯೋ, ಸಿನಿಮಾ, ಗ್ರಾಮಫೋನ್ ಅಂತಾರೆ, ಅದೆಲ್ಲಾ ಸರಿನೇ, ಈ ಕಾರಿನ ಸದ್ದನ್ನೂ ಅದಕ್ಕೆ ಸೇರಿಸ್ಬೇಕು.

1915 ಅನ್ನೋ ಇಸವಿ ನೋಡಿ ನಾನು ಮೆಟ್ಲ ಮೇಲೆ ಸ್ವಲ್ಪ ಹೊತ್ತು ಕೂತೆ. ಅದೇ ವರ್ಷ ಏಪ್ರಿಲ್ 25ಕ್ಕೆ ಆಸ್ಟ್ರೇಲಿಯಾದ ಹುಡುಗರು ಗಲಿಪೊಲಿ ದಡಕ್ಕೆ ಇಳಿದಿದ್ದು. ಎಂಟು ಜನ ಬ್ಯಾಂಡಿನೋರಿಗೆ ಸ್ಮಾರಕ ಕಟ್ಟಿ ಮುಗಿಸೋ ಹೊತ್ತಿಗೆ ಸಾವಿನ ಪಟ್ಟಿ ಪೇಪರಲ್ಲಿ ಕಾಲಂಗಟ್ಟಲೆ ಬರ್ತಾ ಇತ್ತು. ಮತ್ತೆ ಆ ಪಟ್ಟೀಲೂ ಬ್ಯಾಂಡಿನೋರಿದ್ರು. ಬೆಟಾಲಿಯನ್‌ಗಳಿಗೆ ಸ್ವಂತ ಬ್ಯಾಂಡ್ ಇರ್ತಿತ್ತು, ಮೆರವಣಿಗೇಲಿ ನುಡಿಸೋರು, ಯುದ್ಧ ಶುರುವಾದ ಮೇಲೆ ವಾದ್ಯ ಪೆಟ್ಟಿಗೇಲಿಟ್ಟು ಸ್ಟ್ರೆಚರ್ ಹೊರೋ ಕೆಲ್ಸ. ಗುಂಡು ಬರ್ತಿರೋ ಕಡೆ ಕೈಯಲ್ಲಿ ಬಂದೂಕಿಲ್ಲದೆ ಎದ್ದು ನಡ್ಕೊಂಡು ಹೋಗಿ ಗಾಯ ಆದೋನನ್ನ ಹೊತ್ತು ತರಬೇಕು. 1916ರಲ್ಲಿ ಫ್ರಾನ್ಸಿನ ಪೋಜಿಯರ್ ಸುತ್ತಮುತ್ತ ಏಳು ವಾರದೊಳಗೆ ಆಸ್ಟ್ರೇಲಿಯಾದ ಕಡೆ ಸತ್ತು ಗಾಯ ಆದೋರು 23,000, ಅವರನ್ನ ಹೊತ್ತೋರಲ್ಲಿ ಕಾರ್ನೆಟ್ ಊದೋರು, ಟ್ರಾಂಬೋನ್ ನುಡಿಸೋರು ಎಷ್ಟೋ ಜನ. ಬ್ಯಾಂಡ್‌ಸ್ಟ್ಯಾಂಡನ್ನ ಯುದ್ಧಸ್ಮಾರಕ ಮಾಡೋದು ಹಗುರದ ಮಾತು ಅಂದೋರಿಗೆ ಇದು ಗೊತ್ತಿದ್ರೆ ಆ ಜಗಳ ಬೇರೆ ತರ ಹೋಗ್ತಿತ್ತೇನೋ. ಸಂಗೀತ ಒಂದು ಕಡೆ, ಯುದ್ಧ ಇನ್ನೊಂದು ಕಡೆ ಅಂತ ಇರ್ಲೇ ಇಲ್ಲ, ಎರಡನ್ನೂ ಮಾಡಿದ್ದು ಅದೇ ಕೈಗಳು.

ರಾತ್ರಿ ಅಲ್ಲೇ ಒಂದು ಹಳೇ ಹೋಟೆಲಲ್ಲಿ ಉಳ್ಕೊಂಡೆ. ಹೀಟರ್ ಸದ್ದು ಮಾಡ್ತಿತ್ತೇ ಹೊರತು ಬಿಸಿ ಮಾಡ್ಲಿಲ್ಲ.

ಶನಿವಾರ

ಬೆಳಿಗ್ಗೆ ಭಾವ, ಅಕ್ಕ, ಹುಡುಗ ಕಾರಲ್ಲಿ ಬಂದ್ರು. ಮೊದಲು ಊರ ಪಶ್ಚಿಮದಲ್ಲಿರೋ ಆರ್ಚ್ ಆಫ್ ವಿಕ್ಟರಿ ಅನ್ನೋ ಕಮಾನು, ಅಲ್ಲಿಂದ ಶುರುವಾಗೋ ಅವೆನ್ಯೂ ಆಫ್ ಆನರ್ ಅನ್ನೋ ಸಾಲುಮರದ ರಸ್ತೆ.

ಇದನ್ನ ಮಾಡಿದ್ದು ಸರ್ಕಾರ ಅಲ್ಲ, ಸೈನ್ಯ ಅಲ್ಲ. ಬಲ್ಲಾರಟ್ಟಲ್ಲಿ ಲೂಕಾಸ್ ಅಂತ ಹೆಂಗಸರ ಒಳಉಡುಪು ಹೊಲಿಯೋ ಫ್ಯಾಕ್ಟರಿ ಇತ್ತು, ಎಲೆನರ್ ಲೂಕಾಸ್ ಅನ್ನೋ ಹೆಂಗಸು ಮನೇಲಿ ಹೊಲಿಗೆ ಶುರು ಮಾಡಿ ಬೆಳೆಸಿದ್ದು, ಅಲ್ಲಿ ಐನೂರು ಹುಡುಗೀರು ಕೆಲ್ಸಕ್ಕಿದ್ರು. ಅಣ್ಣ ತಮ್ಮ, ಮದ್ವೆ ಆಗ್ಬೇಕಿದ್ದ ಹುಡುಗ, ಎಲ್ಲಾ ಯುದ್ಧಕ್ಕೆ ಹೋಗಿದ್ರಲ್ಲ, ಹೋದ ಒಬ್ಬೊಬ್ಬರಿಗೂ ಒಂದೊಂದು ಮರ ನೆಡೋಣ ಅಂತ ಹೊರಟ್ರು. 1917ರ ಜೂನ್‌ನಲ್ಲಿ ಶುರುವಾಗಿ 1919ರವರೆಗೂ ನೆಟ್ರು, 3,700ಕ್ಕೂ ಹೆಚ್ಚು ಮರ, 22 ಕಿಲೋಮೀಟರ್ ಉದ್ದ. ದುಡ್ಡೂ ಅವರೇ ಎತ್ತಿದ್ದು. ಯುದ್ಧ ಇನ್ನೂ ನಡೀತಿರುವಾಗ್ಲೇ ನೆಟ್ಟಿದ್ದು ಅನ್ನೋದು ಗಮನಿಸ್ಬೇಕು, ಸಸಿ ನೆಡೋವಾಗ ಬದುಕಿದ್ದೋನು ಅದು ಚಿಗುರೋ ಹೊತ್ತಿಗೆ ಇಲ್ಲ ಅನ್ನೋದೂ ಆಗಿರುತ್ತೆ.

ನನಗೆ ತುಂಬಾ ಹಿಡಿಸಿದ್ದು ಅವರು ಹಾಕ್ಕೊಂಡ ಒಂದು ನಿಯಮ. ಮರಗಳ ಕ್ರಮ ದರ್ಜೆ ಪ್ರಕಾರ ಇಲ್ಲ, ಯಾರು ಮೊದಲು ಸೇನೆಗೆ ಸೇರಿದ್ರೋ ಅವರ ಮರ ಮೊದಲು. ಸಿಪಾಯಿ ಪಕ್ಕ ಆಫೀಸರ್, ಆಫೀಸರ್ ಪಕ್ಕ ಕುದುರೆ ನೋಡ್ಕೊಳೋನು. ಪ್ರತಿ ಮರದ ಬುಡದಲ್ಲಿ ಹೆಸರಿನ ಸಣ್ಣ ಫಲಕ. ನಾವು ಕಾರು ನಿಲ್ಸಿ ಸ್ವಲ್ಪ ದೂರ ನಡೆದ್ವಿ, ಎಲೆ ಹಳದಿ ಆಗಿ ಉದುರ್ತಿತ್ತು, ಅಕ್ಕ ಒಂದೊಂದು ಹೆಸರನ್ನೂ ಬಾಯ್ಬಿಟ್ಟು ಓದ್ತಾ ಬಂದ್ಳು. ಒಂದೇ ಮನೆತನದ ಹೆಸರು ಪದೇ ಪದೇ ಬಂದಾಗ ನಿಂತ್ಲು, ಅಣ್ಣ ತಮ್ಮಂದಿರೇ ಇರ್ಬೇಕು ಅಂದ್ಳು. ಕಾರುಗಳು ಜೋರಾಗಿ ಹೋಗ್ತಿರ್ತವೆ, ನಡೆಯೋರು ಹುಷಾರಾಗಿರಿ.

ಆರ್ಚ್ ಆಮೇಲೆ ಕಟ್ಟಿದ್ದು, ಅದಕ್ಕೂ ಲೂಕಾಸ್ ಹುಡುಗೀರೇ ಮುಂದು. 1920ರ ಜೂನ್ 2ಕ್ಕೆ ಬ್ರಿಟನ್ನಿನ ಯುವರಾಜ, ಮುಂದೆ ಎಂಟನೇ ಎಡ್ವರ್ಡ್ ಆಗಿ ಒಂದು ವರ್ಷಾನೂ ತುಂಬೋ ಮುಂಚೆ ಪಟ್ಟ ಬಿಟ್ಟುಕೊಟ್ಟ ಅದೇ ಮನುಷ್ಯ, ಬಂದು ಉದ್ಘಾಟನೆ ಮಾಡಿದ. ಹುಡುಗೀರು ಅವನಿಗೆ ಕೊಟ್ಟ ಉಡುಗೊರೆ ಅವರೇ ಕಸೂತಿ ಹಾಕಿದ ಪೈಜಾಮ. ಯುವರಾಜನಿಗೆ ಪೈಜಾಮ ಕೊಡೋ ಧೈರ್ಯ ನೋಡಿ! ಅಕ್ಕ ಅಂತೂ ಕಾರಲ್ಲಿ ಕೂತ ಮೇಲೂ ನಗ್ತಾನೇ ಇದ್ಳು.

ಮಧ್ಯಾಹ್ನ ವೆಂಡೂರಿ ಕೆರೆ ಪಕ್ಕದ ಬೊಟಾನಿಕಲ್ ಗಾರ್ಡನ್ಸ್. 1956ರ ಒಲಿಂಪಿಕ್ಸಲ್ಲಿ ದೋಣಿ ಸ್ಪರ್ಧೆ ನಡೆದಿದ್ದು ಈ ಕೆರೇಲೇ. ತೋಟದೊಳಗೆ ಪ್ರಧಾನಮಂತ್ರಿಗಳ ಕಂಚಿನ ತಲೆಗಳ ಸಾಲು ಇದೆ, ಬೇಗ ಬೇಗ ದಾಟಿದ್ವಿ. ನೋಡ್ಬೇಕಾದ್ದು ಯುದ್ಧಕೈದಿಗಳ ಸ್ಮಾರಕ, 2004ರದ್ದು, ಪೀಟರ್ ಬ್ಲಿಜಾರ್ಡ್ ಅನ್ನೋ ಶಿಲ್ಪಿ ಮಾಡಿದ್ದು. 130 ಮೀಟರ್ ಉದ್ದದ ಕಪ್ಪು ಗ್ರಾನೈಟ್ ಗೋಡೆ, ಬೋವರ್ ಯುದ್ಧದಿಂದ ಕೊರಿಯಾ ಯುದ್ಧದವರೆಗೆ ಶತ್ರುಗಳ ಕೈಗೆ ಸಿಕ್ಕ 35,000ಕ್ಕೂ ಹೆಚ್ಚು ಜನರ ಹೆಸರು. ಪಕ್ಕದಲ್ಲಿ ನೀರು, ನೀರಿನಾಚೆ ಎತ್ತರದ ಕಲ್ಕಂಬಗಳು, ಅವುಗಳ ಮೇಲೆ ಸೆರೆ ಶಿಬಿರಗಳಿದ್ದ ದೇಶಗಳ ಹೆಸರು, ಒಂದು ಕಂಬ ಮಾತ್ರ ಬಿದ್ದು ಮುರಿದಂತೆ ಮಾಡಿಟ್ಟಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೆರೆಗೆ ಬಿದ್ದ 22,000 ಆಸ್ಟ್ರೇಲಿಯನ್ನರಲ್ಲಿ 8,000ಕ್ಕೂ ಹೆಚ್ಚು ಜನ ಅಲ್ಲೇ ಸತ್ರು, ಜಪಾನಿನೋರು ಕೈದಿಗಳಿಂದ ಕಟ್ಟಿಸಿದ ಬರ್ಮಾ ರೈಲು ದಾರಿ ಕಡೆ ಹೋದೋರೆಷ್ಟೋ. ಗೋಡೆ ಮೇಲೆ ದರ್ಜೆ ಇಲ್ಲ, ಪದಕ ಇಲ್ಲ, ಹೆಸರು ಮಾತ್ರ. ಲೂಕಾಸ್ ಹುಡುಗೀರ ನಿಯಮಾನೇ ಇಲ್ಲೂ ನಡೆದಿದೆ ಅನ್ನಿಸ್ತು. ಮೊದಲ ಮಹಾಯುದ್ಧದ ಕಾಲದ ಸ್ಮಾರಕಗಳಲ್ಲಿ ಸೆರೆ ಸಿಕ್ಕೋರಿಗೆ ಅಂತ ಪ್ರತ್ಯೇಕ ಜಾಗ ಇರ್ಲಿಲ್ಲ, ಶರಣಾಗೋದು ಹೇಳ್ಕೊಳೋ ವಿಷಯ ಅಲ್ಲ ಅನ್ನೋ ಭಾವನೆ. ಅವರಿಗೆ ಅಂತಾನೇ ಒಂದು ಗೋಡೆ ಏಳೋಕೆ ನೂರು ವರ್ಷ ಬೇಕಾಯ್ತು.

ಹುಡುಗ ಅಷ್ಟರಲ್ಲಿ ಗೋಡೆ ಉದ್ದಕ್ಕೂ ಓಡ್ಕೊಂಡು ಹೋಗಿ ಕೊನೆ ಮುಟ್ಟಿ ವಾಪಸ್ ಬಂದಿದ್ದ. "ಮಾಮ, ಇಲ್ಲಿ ಬ್ಯಾಂಡ್‌ಸ್ಟ್ಯಾಂಡ್ ಇಲ್ವಾ?" ಅಂದ. ಇಲ್ಲ ಕಣೋ, ಇದು ಬೇರೆ ತರದ್ದು ಅಂದೆ. ಬ್ರೋಕನ್ ಹಿಲ್‌ದು ನೋಡೋದು ಬಾಕಿ ಇದೆ, ಹೋಗೋಣ್ವಾ ಅಂತ ಭಾವನ ಕಡೆ ತಿರುಗಿದ್ರೆ, ಅವರು ಫೋನಲ್ಲಿ ಮೆಲ್ಬರ್ನಿಂದ ಎಂಟುನೂರು ಚಿಲ್ಲರೆ ಕಿಲೋಮೀಟರ್ ಅಂತ ನೋಡಿ, "ನೀನು ಬಸ್ಸಲ್ಲಿ ಹೋಗಿ ಬಾಪ್ಪಾ, ನಾನು ಸೋಮವಾರ ಆಫೀಸಿಗೆ ಹೋಗ್ಬೇಕು" ಅಂದ್ರು.